ಕಳೆದು ಉಳಿದದ್ದೇ ಕಲ್ಲು

ಚಂದ್ರನಲ್ಲಿ ನೀರು, ಮಂಗಳನಲ್ಲಿ ಜೇಡಿಮಣ್ಣು, ಕ್ಷುದ್ರಗ್ರಹದಲ್ಲಿ ಲಾವಾ. ಯಾರೂ ಕಾಲಿಡದ ನೆಲದ ಖನಿಜಗಳನ್ನು ಹೆಸರಿಟ್ಟು ಕರೆಯುವ ಧೈರ್ಯ ನಮಗೆ ಬಂದದ್ದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ. ಆ ಬೆಳಕು ಸುಳ್ಳು ಹೇಳುವುದಿಲ್ಲ. ಎಡವಟ್ಟಾಗುವುದು ನಮ್ಮ ಕಳೆಯುವ ಲೆಕ್ಕದಲ್ಲಿ!

2009ರ ಆಗಸ್ಟ್ 29, ನಡುರಾತ್ರಿ ದಾಟಿದ ಹೊತ್ತು. ಅರ್ಧಕ್ಕಿಂತ ತುಸು ಹೆಚ್ಚು ತುಂಬಿದ ಚಂದ್ರ ಪಶ್ಚಿಮಕ್ಕೆ ವಾಲಿದ್ದಾನೆ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳು ಗ್ರಾಮದಲ್ಲಿ ಇಸ್ರೊದ ಬಟ್ಟಲು ಆಂಟೆನಾಗಳು ಚಂದ್ರಯಾನ–1 ಕಳಿಸುವ ಮಾಹಿತಿಯನ್ನು ಹಿಡಿಯುತ್ತಿವೆ. 12.25ರವರೆಗೂ ಎಲ್ಲ ಸರಿಯಿತ್ತು. 1.30ಕ್ಕೆ ಸಂಪರ್ಕ ಕಡಿಯಿತು. ಆಮೇಲೆ ಎಷ್ಟು ಕರೆದರೂ ನೌಕೆ ಓಗೊಡಲಿಲ್ಲ. ಎರಡು ವರ್ಷ ಬಾಳಬೇಕಿದ್ದದ್ದು 312 ದಿನಗಳಿಗೇ ಮುಗಿಯಿತು.

ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 24ರಂದು, ಸತ್ತ ನೌಕೆಯ ಹೆಸರು ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದು ಹೊತ್ತೊಯ್ದಿದ್ದ ನಾಸಾದ ‘ಮೂನ್ ಮಿನರಾಲಜಿ ಮ್ಯಾಪರ್’ ಎಂಬ ಉಪಕರಣ ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ಕಂಡಿದೆ ಎಂಬ ಸುದ್ದಿ. ನೌಕೆ ಹನಿ ನೀರನ್ನೂ ಮುಟ್ಟಿರಲಿಲ್ಲ, ಹಿಡಿ ಮಣ್ಣನ್ನೂ ಎತ್ತಿರಲಿಲ್ಲ. ಬಿಸಿಲು ಚಂದ್ರನ ನೆಲಕ್ಕೆ ಬಡಿದು ಪುಟಿದು ಬರುವಾಗ ಅದರ ಯಾವ ಪಾಲು ಕಡಿಮೆಯಾಗಿದೆ ಎಂದಷ್ಟೇ ಅಳೆದಿತ್ತು. 3 ಮೈಕ್ರಾನಿನ ಬಳಿ ಒಂದು ತಗ್ಗು. ಸುದ್ದಿಗೆ ಅಷ್ಟೇ ಆಧಾರ.

ಪ್ರತಿ ಆಗಸ್ಟ್ 23ಕ್ಕೆ ರಾಷ್ಟ್ರೀಯ ಬಾಹ್ಯಾಕಾಶ ದಿನ ಬಂದಾಗ ನಾವು ವಿಕ್ರಮ್ ಇಳಿದ ಆ ಸಂಜೆಯನ್ನು ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ಅನ್ಯಗ್ರಹಗಳ ಕಲ್ಲುಮಣ್ಣಿನ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಪಾಲು ಇಳಿದ ನೌಕೆಗಳಿಂದ ಬಂದದ್ದಲ್ಲ. ಮೇಲೆ ಸುತ್ತುತ್ತ ಅವಕೆಂಪು ಬೆಳಕನ್ನು ಬಿಡಿಸಿ ನೋಡಿದ ರೋಹಿತಮಾಪಕಗಳಿಂದ ಬಂದದ್ದು. ಹಾಗಿದ್ದರೆ ನೂರು ಕಿ.ಮೀ. ಮೇಲಿನಿಂದ ನೋಡಿ ‘ಇದು ಪೈರಾಕ್ಸೀನ್, ಇದು ಜೇಡಿ, ಇದು ನೀರು’ ಎಂದರೆ ಎಷ್ಟು ನಂಬಬೇಕು? ಉಪಕರಣ ಎಷ್ಟು ಸೂಕ್ಷ್ಮ ಎಂದು ಕೇಳುವುದು ವಾಡಿಕೆ. ಆ ಪ್ರಶ್ನೆ ಅಷ್ಟೇನೂ ಕೆಲಸಕ್ಕೆ ಬಾರದು. ಏನೇನನ್ನು ಕಳೆದ ಮೇಲೆ ಈ ಉತ್ತರ ಉಳಿಯಿತು ಎಂದು ಕೇಳಬೇಕು. ಈ ವಿದ್ಯೆಯ ಏಳು ದಶಕಗಳ ಗೆಲುವು–ಸೋಲುಗಳನ್ನು ಹರಡಿಕೊಂಡು ನೋಡಿದರೆ ಮುಖ್ಯವಾದ ಎಡವಟ್ಟುಗಳೆಲ್ಲ ಇಲ್ಲೇ ಆಗಿವೆ. ನಂಬಿಕೆ ಹುಟ್ಟಿರುವುದೂ ಇಲ್ಲೇ.

ಕಲ್ಲು ಬೆಳಕನ್ನು ನುಂಗುವ ಬಗೆ

ಕೆಂಪಿನ ಅಂಚು ಸುಮಾರು 0.7 ಮೈಕ್ರಾನಿಗೆ ಮುಗಿಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಲ್ಲಿಂದಾಚೆಗಿನ ಅವಕೆಂಪಿನಲ್ಲಿ ಖನಿಜಗಳು ತಮ್ಮ ಗುಟ್ಟು ಬಿಟ್ಟುಕೊಡುತ್ತವೆ. ಲಾವಾ ಕಲ್ಲಿನಲ್ಲಿ ಹೇರಳವಾಗಿರುವ ಪೈರಾಕ್ಸೀನನ್ನು ತೆಗೆದುಕೊಳ್ಳಿ. ಅದರ ಹರಳಿನೊಳಗೆ ಕಬ್ಬಿಣದ ಪರಮಾಣುಗಳನ್ನು ಆಮ್ಲಜನಕದ ಪರಮಾಣುಗಳು ಸುತ್ತುವರಿದಿರುತ್ತವೆ. ಈ ಬಂದೋಬಸ್ತಿನಿಂದ ಕಬ್ಬಿಣದ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಒಡೆದು ಬೇರೆಬೇರೆಯಾಗುತ್ತವೆ. ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯಲು ಎಲೆಕ್ಟ್ರಾನಿಗೆ 1 ಮೈಕ್ರಾನಿನ ಆಸುಪಾಸಿನ ಬೆಳಕು ಬೇಕು, ಮತ್ತೊಂದು ಜಿಗಿತಕ್ಕೆ 2 ಮೈಕ್ರಾನಿನದು. ಅಷ್ಟು ಬೆಳಕನ್ನು ಕಲ್ಲು ನುಂಗಿಕೊಳ್ಳುತ್ತದೆ, ಪುಟಿದು ಬಂದ ಬೆಳಕಿನ ನಕ್ಷೆಯಲ್ಲಿ ಎರಡು ತಗ್ಗುಗಳು ಬೀಳುತ್ತವೆ. ಆಲಿವೀನಿನಲ್ಲೂ ಕಬ್ಬಿಣವಿದೆ, ಆದರೆ ಅದರ ಹರಳಿನ ಕಟ್ಟಣೆ ಬೇರೆ. ಹಾಗಾಗಿ 1 ಮೈಕ್ರಾನಿನ ಬಳಿ ಅಗಲವಾದ ತಗ್ಗು ಕಾಣುತ್ತದೆ, 2ರ ಬಳಿ ಏನೂ ಇಲ್ಲ. ಪೈರಾಕ್ಸೀನಿನಲ್ಲಿ ಸುಣ್ಣದ ಅಂಶ ಹೆಚ್ಚಿದಂತೆ ತಗ್ಗು 0.9ರಿಂದ 1.05ರ ಕಡೆಗೆ ಸರಿಯುತ್ತದೆ. ಎಂದರೆ, ತಗ್ಗು ಇದೆಯೋ ಇಲ್ಲವೋ ಎಂಬುದು ಮಾತ್ರವಲ್ಲ, ಎಷ್ಟು ಸರಿದಿದೆ ಎಂಬುದೂ ರಸಾಯನದ ಮಾಹಿತಿಯೇ.

ಜೇಡಿಯ ಕಥೆ ಇನ್ನೂ ನವಿರು. ಅಲ್ಲಿ ಬೆಳಕು ನುಂಗುವುದು ಎಲೆಕ್ಟ್ರಾನುಗಳ ಜಿಗಿತವಲ್ಲ, ಬಂಧಗಳ ಕಂಪನ. ಹರಳಿನೊಳಗೆ ನೀರಿನ ಅಣು ಸಿಕ್ಕಿಕೊಂಡಿದ್ದರೆ 1.9 ಮೈಕ್ರಾನಿನಲ್ಲಿ ತಗ್ಗು. ಜಲಜನಕ–ಆಮ್ಲಜನಕದ ಜೋಡಿ ಅಲ್ಯೂಮಿನಿಯಂಗೆ ಅಂಟಿದ್ದರೆ 2.2ರಲ್ಲಿ, ಕಬ್ಬಿಣಕ್ಕೋ ಮೆಗ್ನೀಸಿಯಂಗೋ ಅಂಟಿದ್ದರೆ 2.3ರ ಬಳಿ. ಆ 2.3ರಲ್ಲೂ ಕಬ್ಬಿಣ ಹೆಚ್ಚಿರುವ ಜೇಡಿ 2.29ಕ್ಕೆ, ಮೆಗ್ನೀಸಿಯಂ ಹೆಚ್ಚಿರುವುದು 2.31ಕ್ಕೆ ನಿಲ್ಲುತ್ತದೆ. ಮಿಲಿಮೀಟರಿನ ಲಕ್ಷದಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸ! ಮಂಗಳವನ್ನು ಸುತ್ತುವ ನಾಸಾದ ನೌಕೆಯಲ್ಲಿದ್ದ ‘ಕ್ರಿಸ್ಮ್’ ಉಪಕರಣ ಬೆಳಕನ್ನು 544 ಪಟ್ಟಿಗಳಾಗಿ ಸೀಳಿ, 18 ಮೀಟರ್ ಅಗಲದ ಒಂದೊಂದು ಚುಕ್ಕೆಗೂ ಇಂಥ ನಕ್ಷೆ ಬಿಡಿಸುತ್ತಿತ್ತು. ಆ ನಕ್ಷೆಗಳನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ‘ರಿಲ್ಯಾಬ್’ನಂಥ ಪ್ರಯೋಗಾಲಯಗಳು ಭೂಮಿಯ ಕಲ್ಲು, ಉಲ್ಕಾಶಿಲೆ, ಅಪೊಲೊ ಮಣ್ಣುಗಳನ್ನು ಅಳೆದು ಕೂಡಿಟ್ಟ ರೋಹಿತ ಭಂಡಾರದೊಂದಿಗೆ ತಾಳೆ ನೋಡುತ್ತಾರೆ.

ಚೌಕಟ್ಟು: ಎಲ್ಲಿ ತಗ್ಗು, ಯಾವ ಖನಿಜ?

• ಪೈರಾಕ್ಸೀನ್: 1 ಮತ್ತು 2 ಮೈಕ್ರಾನಿನ ಬಳಿ, ಜೋಡಿ ತಗ್ಗು
• ಆಲಿವೀನ್: 1ರ ಬಳಿ ಮಾತ್ರ, ಅಗಲವಾಗಿ
• ಜೇಡಿ ಖನಿಜಗಳು: 1.4, 1.9 ಮತ್ತು 2.2 ಅಥವಾ 2.3
• ಕಾರ್ಬನೇಟ್: 2.3 ಮತ್ತು 2.5, ಎರಡೂ ಒಟ್ಟಿಗೆ
• ನೀರು ಅಥವಾ ಹೈಡ್ರಾಕ್ಸಿಲ್: 3ರ ಸುತ್ತ. ನೀರಿನ ಅಣು ಮಾತ್ರ: 6ರ ಬಳಿ

ಇಷ್ಟು ಓದಿದರೆ ಕೆಲಸ ಬಲು ಸುಲಭ ಎನ್ನಿಸಬಹುದು. ತೊಡಕು ಇರುವುದು ಇಲ್ಲಿ: ಉಪಕರಣಕ್ಕೆ ತಲಪುವುದು ಕಲ್ಲಿನ ಬೆಳಕೊಂದೇ ಅಲ್ಲ. ಅದರಲ್ಲಿ ಸೂರ್ಯನ ಸ್ವಂತ ರೋಹಿತವಿದೆ, ದಾರಿಯಲ್ಲಿ ಸಿಕ್ಕ ಗಾಳಿಯ ಗುರುತಿದೆ, ಬಿಸಿಲಿಗೆ ಕಾದ ನೆಲ ತಾನೇ ಸೂಸುವ ಶಾಖವಿದೆ, ಮೇಲೆ ಕೂತ ದೂಳಿದೆ, ಉಪಕರಣದ ಸ್ವಭಾವದೋಷವೂ ಇದೆ. ಖನಿಜದ ತಗ್ಗು ಇವೆಲ್ಲದರ ನಡುವೆ ಎಷ್ಟೋ ಸಲ ಶೇಕಡಾ ಒಂದೆರಡರಷ್ಟು ಆಳದ್ದು. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಕಬ್ಬಿನ ಲಾರಿ ನಿಂತಾಗ ನಡೆಯುವ ಜಗಳ ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಕಟ್ಟೆ ತೂಗುವುದು ಕಬ್ಬು, ಲಾರಿ, ಡೀಸೆಲು ಎಲ್ಲವನ್ನೂ ಸೇರಿಸಿ. ಕಬ್ಬಿನ ತೂಕ ಎಂಬುದು ಖಾಲಿ ಲಾರಿಯ ತೂಕ ಕಳೆದ ಮೇಲೆ ಉಳಿಯುವ ಅಂಕಿ. ತಕರಾರು ಏಳುವುದು ಆ ಕಳೆಯುವ ಅಂಕಿಯ ಮೇಲೆ. (ರೋಹಿತದಲ್ಲಿ ಕೆಲವು ಕಡೆ ಮಾಡುವುದು ನಿಜಕ್ಕೂ ಭಾಗಾಕಾರ. ಮಾತಿನ ಅನುಕೂಲಕ್ಕೆ ಎಲ್ಲವನ್ನೂ ಕಳೆಯುವುದು ಎಂದೇ ಕರೆಯೋಣ.)

ಭೂಮಿಯ ಗಾಳಿ ಬೆಳೆಸಿದ ಮಂಗಳನ ಹಸಿರು

ಕಡಿಮೆ ಕಳೆದರೆ ಏನಾಗುತ್ತದೆ ಎಂಬುದಕ್ಕೆ ವಿಲಿಯಂ ಸಿಂಟನ್ ಅವರ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 1956ರಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಾಗ ಈ ಅಮೆರಿಕನ್ ಖಗೋಳಜ್ಞ ಅದರ ಅವಕೆಂಪು ಬೆಳಕನ್ನು ಅಳೆದರು. 1958ರಲ್ಲಿ ಅಂದಿನ ಅತಿದೊಡ್ಡ ದೂರದರ್ಶಕವಾದ ಪಾಲೊಮಾರಿನ 200 ಇಂಚಿನದರಲ್ಲಿ ಮತ್ತೆ ನೋಡಿದರು. 3.4ರಿಂದ 3.7 ಮೈಕ್ರಾನಿನ ನಡುವೆ ತಗ್ಗುಗಳು ಕಂಡವು. ಇಂಗಾಲ–ಜಲಜನಕದ ಬಂಧ ಬೆಳಕು ನುಂಗುವ ಜಾಗ ಅದು. ಗಿಡಗಂಟಿಗಳ ರೋಹಿತದಲ್ಲೂ ಅಲ್ಲೇ ತಗ್ಗು. ಮಂಗಳನ ಕಪ್ಪು ಪಟ್ಟಿಗಳಲ್ಲಿ ಸಸ್ಯವಿದೆ ಎಂದು ಸಿಂಟನ್ ಪ್ರಕಟಿಸಿದರು. ಪ್ರಬಂಧಗಳ ಶೀರ್ಷಿಕೆಯಲ್ಲೇ ಆ ಮಾತಿತ್ತು. 1965ರಲ್ಲಿ ಲೆಕ್ಕ ತಿರುವುಮುರುವಾಯಿತು. ಅವುಗಳಲ್ಲಿ ಮುಖ್ಯವಾದ ಎರಡು ತಗ್ಗುಗಳು ಭಾರಜಲಜನಕ ಬೆರೆತ ನೀರಾವಿಯವು, ಅದೂ ನಮ್ಮದೇ ವಾಯುಮಂಡಲದ್ದು ಎಂದು ಗೊತ್ತಾಯಿತು. ಆ ತಿದ್ದುಪಡಿಯ ಪ್ರಬಂಧ ಬರೆದ ಮೂವರಲ್ಲಿ ಸಿಂಟನ್ ಕೂಡ ಒಬ್ಬರು ಎಂಬುದನ್ನು ಅವರ ಲೆಕ್ಕಕ್ಕೆ ಜಮಾ ಮಾಡಬೇಕು. ಗಮನಿಸಿ, ಉಪಕರಣ ಎಲ್ಲೂ ತಪ್ಪಿರಲಿಲ್ಲ. ತಗ್ಗುಗಳು ಅಪ್ಪಟ ನಿಜ. ಅವು ಯಾರ ಪಾಲಿನವು ಎಂಬುದರಲ್ಲಿ ಎಡವಿದ್ದಷ್ಟೇ.

ಹೆಚ್ಚು ಕಳೆಯುವುದೂ ಅಷ್ಟೇ ಅಪಾಯ. 1969ರಿಂದ 1972ರವರೆಗೆ ಅಪೊಲೊ ಯಾತ್ರಿಗಳು ಆರು ಜಾಗಗಳಿಂದ ತಂದ 382 ಕೆ.ಜಿ. ಕಲ್ಲುಮಣ್ಣಿನಲ್ಲಿ ಅಲ್ಲಲ್ಲಿ ನೀರಿನ ಸುಳಿವು ಇತ್ತು. ಅದು ಭೂಮಿಯ ತೇವ ಸೋಕಿ ಬಂದದ್ದು ಎಂದು ಬದಿಗಿಟ್ಟರು. ಚಂದ್ರ ಬಣಗುಡುವ ಲೋಕ ಎಂಬುದು ಪಠ್ಯಪುಸ್ತಕದ ಮಾತಾಯಿತು. ಆ ಮಾತಿನ ಭಾರ ಎಷ್ಟಿತ್ತೆಂದರೆ, 1999ರಲ್ಲಿ ಶನಿಗ್ರಹಕ್ಕೆ ಹೊರಟಿದ್ದ ಕ್ಯಾಸಿನಿ ನೌಕೆ ದಾರಿಯಲ್ಲಿ ಚಂದ್ರನನ್ನು ಹಾಯುವಾಗ 3 ಮೈಕ್ರಾನಿನ ತಗ್ಗನ್ನು ದಾಖಲಿಸಿದ್ದರೂ ಆ ಅಳತೆ ಪ್ರಕಟವಾಗಲು ಹತ್ತು ವರ್ಷ ಬೇಕಾಯಿತು. ಚಂದ್ರಯಾನದ ರೋಹಿತದಲ್ಲಿ ಅದೇ ತಗ್ಗು ಕಂಡಾಗ ಕಾರ್ಲೆ ಪೀಟರ್ಸ್ ನೇತೃತ್ವದ ತಂಡ ಮೊದಲು ಅನುಮಾನಿಸಿದ್ದು ತನ್ನ ಉಪಕರಣವನ್ನೇ. ಧೂಮಕೇತುವಿನತ್ತ ಹೊರಟಿದ್ದ ಡೀಪ್ ಇಂಪ್ಯಾಕ್ಟ್ ನೌಕೆ 2009ರ ಜೂನ್‌ನಲ್ಲಿ ಚಂದ್ರನತ್ತ ಕಣ್ಣು ಹಾಯಿಸಿ ಅದನ್ನೇ ಕಂಡಿತು. ಕ್ಯಾಸಿನಿಯ ಹಳೆಯ ಕಡತವೂ ಹೊರಬಂತು. ಮೂರು ನೌಕೆ, ಮೂರು ಬೇರೆ ಉಪಕರಣ, ತಗ್ಗು ಮಾತ್ರ ಒಂದೇ. ಮೂರೂ ಪ್ರಬಂಧಗಳು ಒಟ್ಟಿಗೆ ಪ್ರಕಟವಾದವು.

ಮೂರು ನೌಕೆಗಳು ಬೇಕಾದದ್ದೇಕೆ? ಚಂದ್ರಯಾನದ ಉಪಕರಣದ ವ್ಯಾಪ್ತಿ 0.43ರಿಂದ 3 ಮೈಕ್ರಾನಿನವರೆಗೆ ಮಾತ್ರ. ತಗ್ಗಿನ ಒಂದು ದಡ ಕಾಣುತ್ತಿತ್ತು, ಇನ್ನೊಂದು ದಡ ಕಾಣುತ್ತಿರಲಿಲ್ಲ. ಮೇಲಾಗಿ ಅಲ್ಲಿ ಶಾಖದ ಕಾಟವಿತ್ತು. ಚಂದ್ರನ ನೆಲ ನಡುಹಗಲಿಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ. ಅಷ್ಟು ಕಾದ ನೆಲ 2 ಮೈಕ್ರಾನ್ ದಾಟಿದಂತೆ ತಾನೇ ಅವಕೆಂಪನ್ನು ಸೂಸತೊಡಗಿ, ನೀರು ಕೊರೆದ ತಗ್ಗನ್ನು ತುಂಬಿಬಿಡುತ್ತದೆ. ಶಾಖದ ಪಾಲನ್ನು ಕಡಿಮೆ ಕಳೆದರೆ ನಡುಹಗಲಿನಲ್ಲಿ ನೀರು ಮಾಯವಾದಂತೆ, ಬೆಳಗ್ಗೆ ಸಂಜೆ ಮರಳಿದಂತೆ ಕಾಣುತ್ತದೆ. ಇದು ಒಣ ಶಂಕೆಯಲ್ಲ. ಒಂದೇ ದತ್ತಾಂಶವನ್ನು ಇಟ್ಟುಕೊಂಡು 2017ರಲ್ಲಿ ಒಂದು ತಂಡ ನೀರಿನ ಅಂಶ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ ಎಂದಿತು; 2018ರಲ್ಲಿ ಇನ್ನೊಂದು ತಂಡ ಏರಿಳಿತ ಅಷ್ಟೇನೂ ಇಲ್ಲ, ಅದು ಎಲ್ಲೆಡೆ ಹರಡಿದೆ ಎಂದಿತು. ಎರಡನೆಯವರು ನೆಲದ ಉಬ್ಬುತಗ್ಗನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಒಂದೇ ಚುಕ್ಕೆಯೊಳಗೆ ಸೂರ್ಯನಿಗೆ ಎದೆಯೊಡ್ಡಿದ ಇಳಿಜಾರು ಹೆಚ್ಚು ಕಾದಿರುತ್ತದೆ, ನೆರಳಿನ ಮಗ್ಗುಲು ತಣ್ಣಗಿರುತ್ತದೆ. ಸರಾಸರಿ ತಾಪ ಹಿಡಿದು ಕಳೆದರೆ ಲೆಕ್ಕ ತಪ್ಪುತ್ತದೆ.

ತಗ್ಗಿನ ಒಡೆಯ ನೀರಿನ ಅಣುವೋ ಅಥವಾ ಖನಿಜಕ್ಕೆ ಅಂಟಿದ ಹೈಡ್ರಾಕ್ಸಿಲೋ ಎಂಬುದನ್ನೂ 3 ಮೈಕ್ರಾನ್ ಬಿಡಿಸಿ ಹೇಳದು. 6.1 ಮೈಕ್ರಾನಿನ ತಗ್ಗು ಮಾತ್ರ ನೀರಿನ ಅಣುವಿನದೇ. ಭೂಮಿಯ ನೀರಾವಿ ಅದನ್ನು ಮುಚ್ಚಿಬಿಡುವುದರಿಂದ ಬೋಯಿಂಗ್ 747 ವಿಮಾನದೊಳಗೆ ದೂರದರ್ಶಕವಿಟ್ಟು ಮೇಲಕ್ಕೆ ಹಾರಬೇಕಾಯಿತು. ‘ಸೋಫಿಯಾ’ ಎಂಬ ಆ ವೀಕ್ಷಣಾಲಯ ಕ್ಲಾವಿಯಸ್ ಕುಳಿಯಲ್ಲಿ ನೀರಿನ ಅಣುವನ್ನೇ ಕಂಡಿದೆ ಎಂಬ ಘೋಷಣೆ 2020ರ ಅಕ್ಟೋಬರ್‌ನಲ್ಲಿ ಬಂತು. ಪ್ರಮಾಣ ಹತ್ತು ಲಕ್ಷಕ್ಕೆ 100ರಿಂದ 412 ಪಾಲು. ಇತ್ತ ಇಸ್ರೊ ಚಂದ್ರಯಾನ–2ರ ಅವಕೆಂಪು ರೋಹಿತಮಾಪಕವನ್ನು 0.8ರಿಂದ 5 ಮೈಕ್ರಾನಿನವರೆಗೆ ಚಾಚಿತು. ಆ ಎರಡು ಮೈಕ್ರಾನ್ ಹೆಚ್ಚುವರಿ ಸುಮ್ಮನೆ ಬಂದದ್ದಲ್ಲ. ತಗ್ಗಿನ ಎರಡೂ ದಡ ಕಾಣಬೇಕು, ಅದರಾಚೆಯ ಶಾಖದ ಪಾಲನ್ನು ಊಹಿಸದೆ ಅಳೆಯಬೇಕು ಎಂಬುದೇ ಉದ್ದೇಶ. ಪತ್ರಿಕೆಗಳಲ್ಲಿ ಈ ಸಂಗತಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ದೂರು.

ಗೆರೆಗಿಂತ ದೊಡ್ಡ ಚುಕ್ಕೆ

ಮಂಗಳನಲ್ಲಿ ಕಳೆಯಬೇಕಾದ ದೊಡ್ಡ ಬಾಬತ್ತು ಅಲ್ಲಿನ ಗಾಳಿ. ಇಂಗಾಲದ ಡೈಆಕ್ಸೈಡ್ 2 ಮೈಕ್ರಾನಿನ ಬಳಿ ಆಳವಾದ ತಗ್ಗು ಕೊರೆಯುತ್ತದೆ. ಇದಕ್ಕೆ ಹುಡುಕಿದ ಉಪಾಯ ಸೊಗಸಾದದ್ದು. ಸುಮಾರು 22 ಕಿ.ಮೀ. ಎತ್ತರದ ಒಲಿಂಪಸ್ ಮಾನ್ಸ್ ಜ್ವಾಲಾಮುಖಿಯ ಬುಡವನ್ನೊಮ್ಮೆ, ನೆತ್ತಿಯನ್ನೊಮ್ಮೆ ನೋಡುತ್ತಾರೆ. ಕಲ್ಲು ಹೆಚ್ಚುಕಡಿಮೆ ಒಂದೇ ತರಹದ್ದು, ನಡುವಿನ ಗಾಳಿಯಲ್ಲಿ ಮಾತ್ರ ವ್ಯತ್ಯಾಸ. ಎರಡನ್ನೂ ಹೋಲಿಸಿದರೆ ಗಾಳಿಯ ಪಾಲು ಎಷ್ಟೆಂದು ಕೈಗೆ ಸಿಗುತ್ತದೆ, ಅದನ್ನು ಗ್ರಹದ ಉಳಿದೆಡೆಗೆ ಅನ್ವಯಿಸುತ್ತಾರೆ. ಉಪಾಯ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ 2 ಮೈಕ್ರಾನಿನ ಆ ಕಡಿದಾದ ದಡದಲ್ಲಿ ಸಣ್ಣ ಉಳಿಕೆಯೂ ಖನಿಜದಂತೆ ತೋರಬಲ್ಲದು.

2015ರ ಸೆಪ್ಟೆಂಬರ್ 28ರಂದು ನಾಸಾ ಸುದ್ದಿಗೋಷ್ಠಿ ಕರೆದು, ಮಂಗಳನ ಇಳಿಜಾರುಗಳಲ್ಲಿ ಬೇಸಿಗೆಗೆ ಮೂಡಿ ಮಾಸುವ ಕಪ್ಪು ಗೆರೆಗಳು ಉಪ್ಪುನೀರಿನವು ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದೆ ಎಂದಿತು. ಪುರಾವೆ ಎಂದರೆ ಕ್ರಿಸ್ಮ್ ರೋಹಿತದಲ್ಲಿ 1.9 ಮತ್ತು 2.1 ಮೈಕ್ರಾನಿನ ತಗ್ಗು. ನೀರು ಹಿಡಿದ ಪರ್ಕ್ಲೋರೇಟ್ ಲವಣದ ಗುರುತು ಎಂದು ಅದನ್ನು ಓದಲಾಗಿತ್ತು. ಗೆರೆಗಳ ಅಗಲ ಹೆಚ್ಚೆಂದರೆ 5 ಮೀಟರ್, ಉಪಕರಣದ ಚುಕ್ಕೆಯ ಅಗಲ 18 ಮೀಟರ್ ಎಂಬುದನ್ನು ಮೊದಲ ದಿನವೇ ಯಾರಾದರೂ ಜೋರಾಗಿ ಹೇಳಬೇಕಿತ್ತು. 2017ರಲ್ಲಿ ಈ ಗೆರೆಗಳು ಒಣ ಮರಳು ಜಾರುವ ಕೋನದ ಇಳಿಜಾರುಗಳಲ್ಲೇ ಮುಗಿಯುತ್ತವೆ ಎಂದು ತೋರಿಸಲಾಯಿತು. 2018ರಲ್ಲಿ ಇನ್ನೊಂದು ತಂಡ, ಬಿಸಿಲು–ನೆರಳಿನ ಗಡಿಯಂಥ ಕಡೆ ಕ್ರಿಸ್ಮ್ ದತ್ತಾಂಶ ಸಂಸ್ಕರಣೆಯೇ 1.9 ಮತ್ತು 2.1ರಲ್ಲಿ ಇಲ್ಲದ ತಗ್ಗುಗಳನ್ನು ಹುಟ್ಟಿಸಬಲ್ಲದು ಎಂದು ಪತ್ತೆ ಮಾಡಿತು. ಅಂಥ ಚುಕ್ಕೆಗಳು ತೀರಾ ವಿರಳ. ಆದರೆ ಕೋಟ್ಯಂತರ ಚುಕ್ಕೆಗಳಲ್ಲಿ ವಿರಳವಾದ ಖನಿಜವನ್ನು ಹುಡುಕುವಾಗ ವಿರಳವಾದ ದೋಷವೇ ಮೊದಲು ಕೈಗೆ ಸಿಗುತ್ತದೆ. ಮಂಗಳನಲ್ಲಿ ಪರ್ಕ್ಲೋರೇಟ್ ಇರುವುದು ನಿಜ, 2008ರಲ್ಲಿ ಫೀನಿಕ್ಸ್ ನೌಕೆ ಮಣ್ಣನ್ನೇ ಪರೀಕ್ಷಿಸಿ ತಿಳಿಸಿತ್ತು. ಬಿದ್ದುಹೋದದ್ದು ಆ ಗೆರೆಗಳ ಮೇಲಿನ ವಾದ.

ಹಾಗಾದರೆ ನಂಬುವುದಾದರೂ ಹೇಗೆ?

ಇಷ್ಟೆಲ್ಲ ಎಡವಟ್ಟುಗಳ ಪಟ್ಟಿ ಕೊಟ್ಟ ಮೇಲೆ ಓದುಗರು ಹೀಗೆ ಕೇಳುವುದು ನ್ಯಾಯವೇ. ಉತ್ತರ ಸಿಗುವುದು ಮಂಗಳನ ಮೆರಿಡಿಯಾನಿ ಬಯಲಿನಲ್ಲಿ. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯ ಉಷ್ಣ ರೋಹಿತಮಾಪಕ 6ರಿಂದ 50 ಮೈಕ್ರಾನಿನವರೆಗೆ, ಎಂದರೆ ನೆಲ ತಾನೇ ಸೂಸುವ ಶಾಖದಲ್ಲಿ ನೋಡುತ್ತಿತ್ತು. ಗಾಳಿಯ ದೂಳು, ಹಿಮದ ಮೋಡಗಳ ಪಾಲನ್ನು ಕಳೆದಾಗ ಹೆಮಟೈಟಿನ ಗುರುತು ಉಳಿಯಿತು. ಅದೂ ಒಂದಲ್ಲ, ಹಲವು ತಗ್ಗುಗಳು ಸರಿಯಾದ ಜಾಗದಲ್ಲಿ, ಸರಿಯಾದ ಪ್ರಮಾಣದಲ್ಲಿ. ನಮ್ಮ ಬಳ್ಳಾರಿ–ಸಂಡೂರಿನ ಗಣಿಗಳಿಂದ ಲಾರಿಗಟ್ಟಲೆ ಸಾಗುವುದೂ ಹೆಮಟೈಟ್ ಅದಿರೇ. ಮೆರಿಡಿಯಾನಿಯಲ್ಲಿ ಅದು ಹರಡಿದ್ದದ್ದು ಸುಮಾರು 1.75 ಲಕ್ಷ ಚದರ ಕಿ.ಮೀ., ಕರ್ನಾಟಕಕ್ಕಿಂತ ತುಸು ಕಡಿಮೆ. ಈ ಬೂದು ಹೆಮಟೈಟ್ ಸಾಮಾನ್ಯವಾಗಿ ನೀರಿನ ಸಹವಾಸದಲ್ಲಿ ಹುಟ್ಟುತ್ತದೆ ಎಂಬ ಕಾರಣಕ್ಕೆ ಆಪರ್ಚುನಿಟಿ ರೋವರನ್ನು ಅಲ್ಲಿಗೇ ಕಳಿಸಿದರು. 2004ರ ಜನವರಿ 25ರಂದು ಅದು ಇಳಿದ ಸಣ್ಣ ಕುಳಿಯ ನೆಲದ ತುಂಬ ಕೆಲವೇ ಮಿಲಿಮೀಟರ್ ಗಾತ್ರದ ಗುಂಡುಗಳು ಚೆಲ್ಲಿದ್ದವು. ರೋವರ್ ತನ್ನ ತೋಳು ಚಾಚಿ, ಅವಕೆಂಪಿಗೆ ಸಂಬಂಧವೇ ಇಲ್ಲದ ಇನ್ನೊಂದು ವಿಧಾನದಿಂದ ಪರೀಕ್ಷಿಸಿತು. ಹೆಮಟೈಟೇ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಖನಿಜ ಯಾವುದು ಎಂಬುದನ್ನು ಮೇಲಿನಿಂದ ನೋಡಿಯೇ ಸರಿಯಾಗಿ ಹೇಳಿದ್ದರು. ಅದು ಹೇಗೆ ಹುಟ್ಟಿತು ಎಂಬುದನ್ನು ಹೇಳಲಾಗಿರಲಿಲ್ಲ. ನೀರಿನಿಂದ ಕೂತದ್ದು, ಬಿಸಿನೀರಿನಿಂದ ಬಂದದ್ದು, ಲಾವಾ ಉತ್ಕರ್ಷಿಸಿ ಆದದ್ದು ಎಂದು ಹಲವು ಸಾಧ್ಯತೆಗಳು ಉಳಿದಿದ್ದವು. ಬಂಡೆಯೊಳಗೆ ಅಂತರ್ಜಲದಿಂದ ಗಟ್ಟಿಗೊಂಡ ಗುಂಡುಗಳು ಎಂಬ ತೀರ್ಮಾನ ನೆಲದ ಮೇಲೆ ಆದದ್ದು. ರೋಹಿತ ಹೆಸರು ಹೇಳಬಲ್ಲದು, ಜಾತಕ ಬರೆಯಲಾರದು. ಬಹಳಷ್ಟು ಸುದ್ದಿಗಳು ಇವೆರಡನ್ನೂ ಒಂದೇ ವಾಕ್ಯದಲ್ಲಿ ತುರುಕುತ್ತವೆ.

ಚೌಕಟ್ಟು: ರಾಜಸ್ಥಾನಕ್ಕೆ ಬಿದ್ದ ವೆಸ್ಟಾ

1970ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ವೆಸ್ಟಾ ಕ್ಷುದ್ರಗ್ರಹದ ಬೆಳಕಿನಲ್ಲಿ 0.9 ಮೈಕ್ರಾನಿನ ಪೈರಾಕ್ಸೀನ್ ತಗ್ಗು ಕಂಡು, ಅದರ ಮೇಲ್ಮೈ ಒಂದು ಬಗೆಯ ಬಸಾಲ್ಟ್ ಉಲ್ಕಾಶಿಲೆಗಳಂತೆಯೇ ಇದೆ ಎಂದರು. 2011–12ರಲ್ಲಿ ಡಾನ್ ನೌಕೆ ವೆಸ್ಟಾವನ್ನು ಸುತ್ತಿ ಅದನ್ನು ದೃಢಪಡಿಸಿತು. ಯೂಕ್ರೈಟ್ ಎಂಬ ಆ ಜಾತಿಯ ಕಲ್ಲೊಂದು 1996ರ ಜೂನ್‌ನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಪಿಪ್ಲಿಯಾ ಕಲಾನ್‌ನಲ್ಲಿ ಬಿದ್ದಿತ್ತು.

‘ರೋವರೇ ಸತ್ಯ ಹೇಳುವುದಾದರೆ ಮೇಲಿನಿಂದ ನೋಡುವ ಖರ್ಚೇಕೆ?’ ಎಂಬ ಆಕ್ಷೇಪವೂ ಇದೆ. ಮೇಲ್ನೋಟಕ್ಕೆ ಮಂಗಳನ ಗೇಲ್ ಕುಳಿಯ ಅನುಭವ ಈ ಆಕ್ಷೇಪದ ಪರವಾಗಿದೆ. ಅಲ್ಲಿನ ಮೌಂಟ್ ಶಾರ್ಪ್ ಬೆಟ್ಟದ ಬುಡದಲ್ಲಿ ಜೇಡಿ ಇದೆ ಎಂದು ಕ್ರಿಸ್ಮ್ ಹೇಳಿತ್ತು. ಆದರೆ 2012ರಲ್ಲಿ ಇಳಿದ ಕ್ಯೂರಿಯಾಸಿಟಿ ಬೆಟ್ಟ ತಲಪುವ ಮೊದಲೇ, ಮೇಲಿನಿಂದ ಜೇಡಿಯ ಸುಳಿವೇ ಕಾಣದ ಯೆಲ್ಲೊನೈಫ್ ಬೇ ಎಂಬಲ್ಲಿ ಕೊರೆದು ನೋಡಿದರೆ ಕಲ್ಲಿನ ಸುಮಾರು ಐದನೇ ಒಂದು ಪಾಲು ಜೇಡಿ. ದೂಳಿನ ತೆಳು ಹೊದಿಕೆ ಅದನ್ನು ಮರೆಮಾಡಿತ್ತು. ಅವಕೆಂಪು ನೋಡುವುದು ಮೇಲ್ಮೈಯ ತೀರಾ ತೆಳುವಾದ ಪದರವನ್ನಷ್ಟೇ. 2025ರಲ್ಲಿ ಪ್ರಕಟವಾದ ಇನ್ನೊಂದು ಫಲಿತಾಂಶ ಇದಕ್ಕಿಂತ ಬೆರಗಿನದು. ಮೇಲಿನಿಂದ ಸಲ್ಫೇಟ್ ಎಂದು ಗುರುತಿಸಿದ್ದ ಪದರಗಳಲ್ಲಿ ಕ್ಯೂರಿಯಾಸಿಟಿ ಕೊರೆದಾಗ ತೂಕದಲ್ಲಿ ಸುಮಾರು ಶೇ 5ರಿಂದ 10ರಷ್ಟು ಸಿಡರೈಟ್ ಎಂಬ ಕಬ್ಬಿಣದ ಕಾರ್ಬನೇಟ್ ಸಿಕ್ಕಿತು. ಮಂಗಳನ ಹಳೆಯ ದಟ್ಟ ವಾಯುಮಂಡಲದ ಇಂಗಾಲ ಎಲ್ಲಿ ಹೋಯಿತು ಎಂದು ದಶಕಗಳಿಂದ ಕೇಳುತ್ತಿದ್ದವರಿಗೆ ಇದು ಸಣ್ಣ ಸುದ್ದಿಯಲ್ಲ.

ಆದರೂ ಈ ಆಕ್ಷೇಪ ನಿಲ್ಲದು. ರೋವರುಗಳು ವರ್ಷಗಟ್ಟಲೆ ನಡೆದರೂ ಕ್ರಮಿಸುವುದು ಕೆಲವು ಹತ್ತು ಕಿ.ಮೀ. ಅಷ್ಟು ದೊಡ್ಡ ಗ್ರಹದಲ್ಲಿ ಎಲ್ಲಿ ಇಳಿಯಬೇಕೆಂದು ಹೇಳುವುದು ಕಕ್ಷೆಯ ರೋಹಿತಮಾಪಕವೇ. ಮೆರಿಡಿಯಾನಿ, ಗೇಲ್, ಜೆಜೆರೊ ಎಲ್ಲವೂ ಹಾಗೆ ಆರಿಸಿದ ಜಾಗಗಳು. ಅಪೊಲೊ ಇಳಿದ ಆರೂ ಜಾಗಗಳು ಚಂದ್ರನ ಈಚೆಯ ಮುಖದಲ್ಲಿವೆ. ಆಚೆಯ ಮುಖದ ಮಾಸ್ಕೊವಿಯೆನ್ಸ್ ಪ್ರದೇಶದಲ್ಲಿ ಮೆಗ್ನೀಸಿಯಂ ಸ್ಪಿನೆಲ್ ತುಂಬಿದ, ಅದುವರೆಗೆ ಯಾರೂ ಗುರುತಿಸದ ಬಗೆಯ ಕಲ್ಲನ್ನು ಕಂಡದ್ದು ಚಂದ್ರಯಾನ–1ರ ಅದೇ ಉಪಕರಣ. ಗೇಲ್‌ನ ಪಾಠವನ್ನು ಇನ್ನಷ್ಟು ನಿಖರವಾಗಿಯೂ ಹೇಳಬಹುದು: ಕ್ರಿಸ್ಮ್ ಇದೆ ಎಂದ ಕಡೆ ಜೇಡಿ ಇತ್ತು, 2019ರಲ್ಲಿ ರೋವರ್ ಅಲ್ಲಿಗೆ ತಲಪಿದಾಗ ಕೊರೆದು ತೆಗೆಯಿತು. ತಪ್ಪಿದ್ದು ಕಾಣದ ಕಡೆ. ಬಲವಾದ, ಹಲವು ತಗ್ಗುಗಳ, ಹರವಾದ ಪ್ರದೇಶದ ‘ಇದೆ’ಗೆ ಇರುವ ತೂಕ ‘ಇಲ್ಲ’ಕ್ಕೆ ಇಲ್ಲ.

ಈಗೀಗ ಕೇಳಿಬರುವ ಮಾತು: ಕೃತಕ ಬುದ್ಧಿಮತ್ತೆಗೆ ದತ್ತಾಂಶ ಕೊಟ್ಟರೆ ಅದೇ ಎಲ್ಲ ಕಳೆದು ಖನಿಜ ಹೆಕ್ಕಿಕೊಡುತ್ತದಲ್ಲ? ವೇಗ ಖಂಡಿತ ಹೆಚ್ಚುತ್ತದೆ. ಆದರೆ ಪರ್ಕ್ಲೋರೇಟಿನ ಭೂತ ಎದ್ದದ್ದೂ ಸ್ವಯಂಚಾಲಿತ ಸಂಸ್ಕರಣೆಯ ಒಳಗಿನಿಂದಲೇ. ಯಂತ್ರ ಕಲಿಯುವುದು ನಾವು ಕೊಟ್ಟ ಭಂಡಾರದಿಂದ. ಭಂಡಾರದಲ್ಲಿಲ್ಲದ ಕಲ್ಲು ಅದಕ್ಕೂ ಕಾಣದು. ಉತ್ತರ ಸರಿಯೋ ತಪ್ಪೋ ಎಂದು ನೋಡಲು ಬೆಳಕಿನ ಹೊರಗಿನ ಪರೀಕ್ಷೆಯೊಂದು ಬೇಕೇ ಬೇಕು.

ಅಂಥ ಪರೀಕ್ಷೆಗಳಲ್ಲಿ ಈಚಿನದು ಬೆನ್ನು ಕ್ಷುದ್ರಗ್ರಹದ್ದು. ಇದ್ದಿಲಿಗಿಂತ ಹೆಚ್ಚೇನೂ ಹೊಳೆಯದ ಆ ಪುಟ್ಟ ಲೋಕಕ್ಕೆ 2018ರ ಡಿಸೆಂಬರ್‌ನಲ್ಲಿ ತಲಪಿದ ಒಸೈರಿಸ್–ರೆಕ್ಸ್ ನೌಕೆ 2.7 ಮೈಕ್ರಾನಿನ ತಗ್ಗು ನೋಡಿ ನೀರು ಹಿಡಿದ ಜೇಡಿ ಇದೆ ಎಂದಿತು. ಮುಂದೆ 3.4ರ ಬಳಿಯ ತಗ್ಗುಗಳಿಂದ ಕಾರ್ಬನೇಟ್ ಇದೆ ಎಂದೂ ಹೇಳಿತು. 2023ರ ಸೆಪ್ಟೆಂಬರ್ 24ರಂದು ಅದು ತಂದ ಮಾದರಿಯ ಕೋಶ ಅಮೆರಿಕದ ಯೂಟಾ ಮರುಭೂಮಿಯಲ್ಲಿ ಇಳಿಯಿತು, ಒಳಗೆ 121.6 ಗ್ರಾಂ ಕಲ್ಲು–ದೂಳು. ತೆರೆದು ನೋಡಿದರೆ ಜೇಡಿ ಇತ್ತು, ಕಾರ್ಬನೇಟೂ ಇತ್ತು. ಜೊತೆಗೆ ಮೆಗ್ನೀಸಿಯಂ–ಸೋಡಿಯಂ ಫಾಸ್ಫೇಟ್ ಇತ್ತು. ಉಪ್ಪುನೀರು ಬತ್ತಿದಾಗ ಉಳಿಯುವ ಲವಣಗಳ ಒಂದು ಸರಣಿಯೇ ಇತ್ತು, ಅಡುಗೆ ಉಪ್ಪಿನ ಹರಳು ಸಹಿತ. ಆ ಫಾಸ್ಫೇಟನ್ನು ನೌಕೆ ಬೆನ್ನುವಿನ ಸುತ್ತ ಇದ್ದಷ್ಟು ಕಾಲವೂ ಅದರ ಯಾವ ಉಪಕರಣವೂ ಕಂಡಿರಲಿಲ್ಲ. ಆಗ ಅಳೆದ ರೋಹಿತಗಳೆಲ್ಲ ಕಡತದಲ್ಲಿ ಹಾಗೇ ಇವೆ. ಏನನ್ನು ಹುಡುಕಬೇಕೆಂದು ಈಗ ಗೊತ್ತಾಗಿರುವುದರಿಂದ, ಆ ಗೆರೆಗಳನ್ನು ಇನ್ನೊಮ್ಮೆ, ಬೇರೆ ಲೆಕ್ಕ ಹಿಡಿದು, ಓದಲು ಅಡ್ಡಿಯೇನಿಲ್ಲ.